ಎರಡನೇ ಬಟನ್

ಸಭೆ ನಡೆಯುವುದಕ್ಕೆ ಹನ್ನೊಂದು ದಿನ ಮೊದಲೇ ಅದರ ವರದಿಯನ್ನು ನಾನು ಬರೆದು ಮುಗಿಸಿದ್ದೆ. ಇದನ್ನು ಕೇಳಿ ಯಾರಾದರೂ ಹುಬ್ಬೇರಿಸಿದರೆ ಅವರು ನಮ್ಮ ಕಸುಬಿನವರಲ್ಲ ಎಂದು ತಿಳಿಯಬೇಕು. ನಮ್ಮ ಕಚೇರಿಯಲ್ಲಿ ಅದು ರೂಢಿ. ಎರಡು ದಿನದ ಸಮಾಲೋಚನೆ, ಎರಡನೇ ದಿನ ನಾಲ್ಕು ಗಂಟೆಗೆ ಸಮಾರೋಪ, ಸಮಾರೋಪದಲ್ಲಿ ‘ಯುವಜನರ ದನಿ’ ಎಂಬ ಕರಡು ವರದಿ ಗಣ್ಯರ ಕೈಗೆ ಹೋಗಲೇಬೇಕು. ಯುವಜನರು ದನಿ ತೆಗೆದ ಮೇಲೆ ಬರೆಯಲು ಕೂತರೆ ನಾಲ್ಕಕ್ಕೆ ಎಲ್ಲಿ ಮುಗಿಯುತ್ತದೆ? ಆದ್ದರಿಂದ ಅವರು ಏನು ಹೇಳುತ್ತಾರೆ ಎಂಬುದನ್ನು ನಾನೇ ಮೊದಲು ಬರೆದಿಡುತ್ತೇನೆ. ಅವರು ಬಂದು ಕೂತು, ಚಪ್ಪಾಳೆ ತಟ್ಟಿ, ಫೋಟೊಗೆಂದು ಬಿಟ್ಟ ಜಾಗ ತುಂಬಿಸಿ ಹೋಗುತ್ತಾರೆ. ಹದಿನಾಲ್ಕು ವರ್ಷದಿಂದ ಇದರಲ್ಲೇ ಹೊಟ್ಟೆ ಹೊರೆಯುತ್ತಿದ್ದೇನೆ. ಒಂದು ಸಲವೂ ಯುವಜನರು ನನ್ನನ್ನು ಸುಳ್ಳಾಗಿಸಿಲ್ಲ, ಏಕೆಂದರೆ ಅವರು ಏನೇ ಹೇಳಲಿ, ಉಳಿಯುವುದು ನಾನು ಬರೆದದ್ದು.

ಜಗತ್ತಿನ ದೇಶಗಳೆಲ್ಲ ಸೇರಿ ಹದಿನೇಳು ಅಭಿವೃದ್ಧಿ ಗುರಿಗಳನ್ನು ಒಪ್ಪಿಕೊಂಡಿವೆಯಲ್ಲ, ಬಡತನ ಹೋಗಬೇಕು, ಹಸಿವು ಹೋಗಬೇಕು ಇತ್ಯಾದಿ, ಆ ಗುರಿಗಳ ಕಡೆಗೆ ಯುವಜನರನ್ನೂ ನಾಗರಿಕ ಸಂಘಟನೆಗಳನ್ನೂ ಕೈಹಿಡಿದು ನಡೆಸುವುದು ನಮ್ಮ ಸಂಸ್ಥೆಯ ಕೆಲಸ. ಗುರಿಗಳ ಬಗ್ಗೆ ನನಗೆ ತಕರಾರಿಲ್ಲ. ಹಸಿವು ಹೋಗಲಿ ಅಂದರೆ ಯಾರು ಬೇಡ ಅನ್ನುತ್ತಾರೆ? ನನ್ನ ತಕರಾರೆಲ್ಲ ಕೈಹಿಡಿದು ನಡೆಸುವವರ ಬಗ್ಗೆ. ಅವರಲ್ಲಿ ನಾನೂ ಒಬ್ಬಳು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮರೆಯುವ ಮನಸ್ಸಾದೀತು.

ನಮ್ಮ ಮುಖ್ಯಸ್ಥರಿಗೆ ಕಚೇರಿಯವರೆಲ್ಲ ಇಟ್ಟ ಅಡ್ಡಹೆಸರು ‘ಚೌಕಟ್ಟು’. ಏನು ಕೇಳಿದರೂ ಅವರು ಅದನ್ನು ಒಂದು ಚೌಕಟ್ಟಿನೊಳಗೆ ನೋಡೋಣ ಎನ್ನುತ್ತಾರೆ. ಮೂರನೇ ಮಹಡಿಯ ಶೌಚಾಲಯದ ನಲ್ಲಿ ಸೋರುತ್ತಿದೆ ಎಂದಾಗಲೂ ಹಾಗೇ ಅಂದಿದ್ದರು. ಅದು ಈಗಲೂ ಚೌಕಟ್ಟಿನೊಳಗೇ ಸೋರುತ್ತಿದೆ. ಮನುಷ್ಯ ಒಳ್ಳೆಯವರು, ವ್ಯವಸ್ಥೆ ಹಾಗಿದೆ ಎಂದು ಇಂಥವರ ಬಗ್ಗೆ ಹೇಳುವುದುಂಟು. ನಾನು ಹೇಳುವುದಿಲ್ಲ. ಹೊಸದಾಗಿ ಇಸ್ತ್ರಿ ಮಾಡಿದ ಅಂಗಿಯ ಒಳಗೆ ಹೇಡಿಯೊಬ್ಬ ಕೂತಿದ್ದಾನೆ ಎಂದಷ್ಟೇ ನನ್ನ ಅಭಿಪ್ರಾಯ.

ಈ ಸಲದ ಸಭೆಗೆ ಒಂದು ಕೊರತೆ ಬಿತ್ತು. ನಮ್ಮಲ್ಲಿಗೆ ಬರುವ ಯುವಜನರು ಒಂದು ಖಾಯಂ ತಂಡ. ಊರಿನ ಯಾವ ಸಮಾಲೋಚನೆಗೆ ಹೋದರೂ ಅದೇ ಇಪ್ಪತ್ತೈದು ಮುಖಗಳು. ಅವರ ಕೊರಳಿನ ಗುರುತುಪಟ್ಟಿಗಳನ್ನೆಲ್ಲ ಗಂಟು ಹಾಕಿದರೆ ಒಂದು ಮನೆಯ ಬಟ್ಟೆ ಒಣಗಿಸಬಹುದು. ಅವರಲ್ಲಿ ಇಬ್ಬರಿಗೆ ಮೂವತ್ತೆಂಟು ದಾಟಿದೆ, ಒಬ್ಬನ ಸ್ವಂತ ಮಗಳೇ ಇನ್ನು ಎರಡು ವರ್ಷದಲ್ಲಿ ಯುವಜನರ ಲೆಕ್ಕಕ್ಕೆ ಬರುತ್ತಾಳೆ. ದುಡಿಯುವ ಯುವತಿಯರೂ ಇರಬೇಕೆಂದು ಈ ಸಲ ಮೇಲಿನಿಂದ ಸೂಚನೆ ಬಂತು. ಮೂರು ದಿನ ಹುಡುಕಿದರೂ ಕಚೇರಿಯಲ್ಲಿ ಯಾರಿಗೂ ದುಡಿಯುವ ಒಬ್ಬ ಯುವತಿಯ ಪರಿಚಯವೂ ಇರಲಿಲ್ಲ. ಕೊನೆಗೆ ನಾನು ನನ್ನ ಅಕ್ಕನ ಮಗಳಿಗೆ ಫೋನ್ ಮಾಡಿದೆ.

ಅವಳನ್ನು ಮನೆಯಲ್ಲಿ ಚೂಟಿ ಅಂತಲೇ ಕರೆಯುವುದು. ಹತ್ತೊಂಬತ್ತು ವರ್ಷ. ರೈಲ್ವೆ ಗೇಟಿನ ಆಚೆ ಇರುವ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ, ಬೈಂಡಿಂಗ್ ವಿಭಾಗದ ಟ್ರೈನಿ. ಅವಳಪ್ಪ ಇಲ್ಲ. ನನ್ನ ಅಕ್ಕ ಆಸ್ಪತ್ರೆಯಲ್ಲಿ ಆಯಾ. ಎರಡು ವರ್ಷದ ತರಬೇತಿ ಮುಗಿದರೆ ಚೂಟಿಯ ಕೆಲಸ ಖಾಯಂ ಆಗುತ್ತದೆ, ಆಗ ತಾನು ಹೆಣ ಒರೆಸುವುದನ್ನು ಬಿಡುತ್ತೇನೆ ಎಂದು ಅಕ್ಕ ದಿನ ಎಣಿಸುತ್ತಿದ್ದಳು.

ಅಲ್ಲಿ ಹೇಳಿದರೆ ಕೆಲಸ ಆಗುತ್ತದೆಯೇ ಎಂದು ಚೂಟಿ ಫೋನಿನಲ್ಲೇ ಕೇಳಿದಳು. ಬರೆದುಕೊಳ್ಳುತ್ತಾರೆ ಎಂದೆ. ಅದು ಸುಳ್ಳಲ್ಲ, ಬರೆದುಕೊಳ್ಳುವವಳು ನಾನೇ.

ಅವಳಿಗೆ ಹೇಳುವುದಕ್ಕಿದ್ದದ್ದು ಒಂದೇ ವಿಷಯ. ಅವರ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ದೊಡ್ಡ ಮೆಷಿನ್ ಇದೆ. ಐನೂರು ಹಾಳೆಯ ಕಟ್ಟನ್ನು ಒಳಗೆ ತಳ್ಳಿ ಬಟನ್ ಒತ್ತಿದರೆ ಮೇಲಿನಿಂದ ಬ್ಲೇಡು ಇಳಿದು ಸೋಪು ಕುಯ್ದ ಹಾಗೆ ಕುಯ್ದು ಮೇಲೆ ಹೋಗುತ್ತದೆ. ಅದಕ್ಕೆ ಎಡಕ್ಕೊಂದು ಬಲಕ್ಕೊಂದು, ತೋಳಗಲ ದೂರದಲ್ಲಿ ಎರಡು ಬಟನ್. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯಬೇಕು. ಅಂದರೆ ಬ್ಲೇಡು ಇಳಿಯುವಾಗ ಎರಡೂ ಕೈ ಬಟನ್ ಮೇಲಿರುತ್ತವೆ, ಅದರ ಕೆಳಗೆ ಯಾವ ಕೈಯೂ ಇರುವುದಿಲ್ಲ. ಆ ಮೆಷಿನ್ ಮಾಡಿದವನಿಗೆ ಮನುಷ್ಯರ ಕೈಯ ಚಾಳಿ ಚೆನ್ನಾಗಿ ಗೊತ್ತಿತ್ತು. ಪ್ರೆಸ್ಸಿನ ಯಜಮಾನನಿಗೆ ಗೊತ್ತಿದ್ದದ್ದು ಆರ್ಡರಿನ ತಾರೀಖು ಮಾತ್ರ. ಅವನು ಎಲೆಕ್ಟ್ರಿಷಿಯನ್ ಕರೆಸಿ ಎಡಗಡೆಯ ಬಟನ್ನಿನ ವೈರು ಬಿಚ್ಚಿಸಿ, ಬಲಗಡೆಯ ಒಂದರಲ್ಲೇ ಬ್ಲೇಡು ಇಳಿಯುವ ಹಾಗೆ ಮಾಡಿಸಿದ್ದ. ಒಂದು ಕೈ ಒತ್ತುತ್ತಿದ್ದರೆ ಇನ್ನೊಂದು ಕೈ ಕಾಗದ ಸರಿಮಾಡುತ್ತಿರಬಹುದು, ಕೆಲಸ ಬೇಗ ಸಾಗುತ್ತದೆ. ಹಿಂದಿನ ವರ್ಷ ಚೂಟಿಯ ಜೊತೆಗಾತಿಯೊಬ್ಬಳ ಎಡಗೈಯ ಎರಡು ಬೆರಳಿನ ತುದಿ ಕಾಗದದ ಚೂರಿನ ಜೊತೆ ತೊಟ್ಟಿಗೆ ಬಿದ್ದವು. ಕಣ್ಣು ಎಲ್ಲಿಟ್ಟುಕೊಂಡು ಕೆಲಸ ಮಾಡುತ್ತೀರಿ ಎಂದು ಯಜಮಾನ ಎಲ್ಲರಿಗೂ ಬೈದು, ಅವಳ ಜಾಗಕ್ಕೆ ಚೂಟಿಯನ್ನು ನಿಲ್ಲಿಸಿದ.

ಅವಳಿಗೆ ಬೇಕಾಗಿದ್ದದ್ದು ಆ ವೈರು ಮತ್ತೆ ಜೋಡಿಸುವುದು. ಹತ್ತು ನಿಮಿಷದ ಕೆಲಸ, ಒಂದು ಸ್ಕ್ರೂಡ್ರೈವರ್. ಇಡೀ ಜಗತ್ತಿನ ಗುರಿಗಳ ಪಟ್ಟಿಯಲ್ಲಿ ಇಷ್ಟು ಸುಲಭದ್ದು ಇನ್ನೊಂದಿರಲಿಲ್ಲ.

ಮೊದಲ ದಿನ ಒಂಬತ್ತಕ್ಕೇ ಅವಳು ಹಾಲ್ ತಲುಪಿದ್ದಳು. ಒಗೆದು ಮಡಿಸಿಟ್ಟಿದ್ದ ಬಟ್ಟೆ, ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಅಂಟು. ಸಭೆ ನಡೆಸಿಕೊಡಲು ಬಂದ ತರಬೇತುದಾರ ಮೊದಲ ಒಂದು ಗಂಟೆ ಉಲ್ಲನ್ ಉಂಡೆಯನ್ನು ಒಬ್ಬರಿಂದ ಒಬ್ಬರಿಗೆ ಎಸೆಯುವ ಆಟ ಆಡಿಸಿದ. ನಾವೆಲ್ಲ ಒಂದು ಜಾಲ ಎಂದು ತೋರಿಸುವುದಕ್ಕಂತೆ. ಎಳೆ ಬಿಡಿಸಲು ಮತ್ತೆ ಅರ್ಧ ಗಂಟೆ ಹಿಡಿಯಿತು. ಖಾಯಂ ಯುವಜನರು ರೂಢಿಯಂತೆ ನಕ್ಕರು. ಚೂಟಿ ಮಾತ್ರ ತನ್ನ ಪಾಲಿನ ಎಳೆಯನ್ನು ಬೆರಳಿಗೆ ಸುತ್ತಿಕೊಂಡು, ಇದು ಮುಗಿದ ಮೇಲೆ ಕೆಲಸ ಶುರುವಾಗುತ್ತದೆ ಎಂದು ಕಾಯುತ್ತ ನಿಂತಿದ್ದಳು.

ಆಮೇಲೆ ಬಣ್ಣದ ಚೀಟಿ ಹಂಚಿದರು. ಒಬ್ಬರು ಒಂದು ಕನಸು ಬರೆದು, ಗೋಡೆಗೆ ಅಂಟಿಸಿದ್ದ ಹದಿನೇಳು ಹಾಳೆಗಳಲ್ಲಿ ಸರಿಯಾದ ಗುರಿಯ ಕೆಳಗೆ ಅಂಟಿಸಬೇಕು. ಉಳಿದವರು ‘ಸಬಲೀಕರಣ’ ಎಂದೋ ‘ಹಸಿರು ನಾಳೆ’ ಎಂದೋ ಬರೆದರು. ಚೂಟಿ ಬರೆದದ್ದು ಹೀಗಿತ್ತು: ನಮ್ಮ ಕಟಿಂಗ್ ಮೆಷಿನ್ನಿನ ಎರಡನೇ ಬಟನ್ನಿಗೆ ವೈರು ಹಾಕಿಸಬೇಕು, ಒಬ್ಬಳ ಬೆರಳು ಹೋಗಿದೆ. ತರಬೇತುದಾರ ಚೀಟಿ ಹಿಡಿದುಕೊಂಡು ಗೋಡೆಯ ಉದ್ದಕ್ಕೂ ಓಡಾಡಿದ. ಬೆರಳು ಆರೋಗ್ಯವಲ್ಲವೇ, ಮೂರನೇ ಗುರಿ ಎಂದ ಒಬ್ಬ. ಕೆಲಸದ ಜಾಗವಾದ್ದರಿಂದ ಎಂಟು ಎಂದಳು ಇನ್ನೊಬ್ಬಳು. ಮೆಷಿನ್ ಇರುವುದರಿಂದ ಕೈಗಾರಿಕೆ, ಅಂದರೆ ಒಂಬತ್ತು, ಎಂದು ಮೂವತ್ತೆಂಟು ದಾಟಿದ ಯುವಕ ಹಟ ಹಿಡಿದ. ಬೆರಳಿನ ತುದಿ ಯಾವ ಹಾಳೆಗೆ ಸೇರಬೇಕೆಂಬ ಚರ್ಚೆ ಇಪ್ಪತ್ತು ನಿಮಿಷ ನಡೆದು, ಊಟದ ಹೊತ್ತಾದ್ದರಿಂದ ಚೀಟಿಯನ್ನು ‘ಪಾರ್ಕಿಂಗ್’ ಎಂಬ ಹಾಳೆಗೆ ಅಂಟಿಸಲಾಯಿತು. ಎಲ್ಲಿಯೂ ಹೊಂದದ ಮಾತುಗಳನ್ನು ಸದ್ಯಕ್ಕೆ ತಂದು ನಿಲ್ಲಿಸುವ ಹಾಳೆ ಅದು. ನನ್ನ ಹದಿನಾಲ್ಕು ವರ್ಷದಲ್ಲಿ ಅಲ್ಲಿಂದ ಹೊರಟ ಗಾಡಿಯನ್ನು ನಾನು ನೋಡಿಲ್ಲ.

ಅದನ್ನು ಅಲ್ಲಿಂದ ಯಾವಾಗ ತೆಗೆಯುತ್ತೀರಿ ಎಂದು ಚೂಟಿ ಎದ್ದು ನಿಂತು ಕೇಳಿದಳು. ಅದು ತುಂಬಾ ಒಳ್ಳೆಯ ಪ್ರಶ್ನೆ ಎಂದ ತರಬೇತುದಾರ, ಆ ಪ್ರಶ್ನೆಯನ್ನೂ ಒಂದು ಚೀಟಿಯಲ್ಲಿ ಬರೆದು ಅದೇ ಹಾಳೆಗೆ ಅಂಟಿಸಿದ. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಮೈ ಉರಿದುಹೋಯಿತು. ಆದರೂ ಹಾಳೆಯ ಫೋಟೊ ತೆಗೆದುಕೊಂಡೆ. ಅದು ನನ್ನ ಕೆಲಸ.

ಆ ಸಂಜೆ ಚೌಕಟ್ಟಿಗೆ ಕಾಲ ಕೆಳಗಿನ ನೆಲ ಕುಸಿದಿತ್ತು. ಕರಡು ವರದಿಯಲ್ಲಿ ನಾನು ಖಾಲಿ ಬಿಟ್ಟಿದ್ದ ಒಂದೇ ಪುಟ ಒಂಬತ್ತನೆಯದು, ‘ಯಶೋಗಾಥೆ’ಗೆ ಮೀಸಲು. ಯುವಜನರು, ನಾಗರಿಕ ಸಂಘಟನೆ, ಖಾಸಗಿ ಉದ್ಯಮ, ಈ ಮೂವರೂ ಕೈಜೋಡಿಸಿ ಗೆದ್ದ ಒಂದು ಕಥೆ ಅಲ್ಲಿ ಇರಲೇಬೇಕು. ಕಥೆ ಕೊಡುತ್ತೇವೆಂದಿದ್ದ ಕಾರ್ಖಾನೆಯವರು ಕೊನೇ ಗಳಿಗೆಯಲ್ಲಿ ಕೈಕೊಟ್ಟಿದ್ದರು. ನನ್ನ ಫೋಟೊಗಳನ್ನು ಒಂದೊಂದಾಗಿ ಸರಿಸುತ್ತ ಬಂದವರು ಪಾರ್ಕಿಂಗ್ ಹಾಳೆಯ ಮೇಲೆ ಬೆರಳಿಟ್ಟು ನಿಂತರು. ಪ್ರೆಸ್ ಅಂದರೆ ಖಾಸಗಿ ಉದ್ಯಮ, ಈ ಹುಡುಗಿ ಯುವಜನ, ನಾವು ನಾಗರಿಕ ಸಂಘಟನೆ, ಮೂರೂ ಸಿಕ್ಕಿತಲ್ಲ ಎಂದು ಅವರ ಮುಖ ಅರಳಿತು.

ಅದು ಇನ್ನೂ ಆಗಿಲ್ಲ, ಆಗಬೇಕೆಂದು ಬರೆದಿದ್ದಾಳೆ ಎಂದೆ.

“ಆಗುತ್ತಲ್ಲ ಮೇಡಂ,” ಎಂದರು. “ನಾಳೇನೇ ಯಜಮಾನರಿಗೆ ನಮ್ಮ ಕಡೆಯಿಂದ ಒಂದು ಪತ್ರ ಹಾಕೋಣ. ಬಣ್ಣದ ಪುಸ್ತಕ ಅಚ್ಚಾಗೋದು ಮುಂದಿನ ತಿಂಗಳು. ಅಷ್ಟರಲ್ಲಿ ಆಗಿರುತ್ತೆ. ನೀವು ಆದ ಹಾಗೇ ಬರೆದುಬಿಡಿ.”

ನಾನು ಬರೆದೆ. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ನಡೆಯದ ಸಭೆಯನ್ನು ನಡೆದ ಹಾಗೆ ಬರೆದು ಪಳಗಿದ ಕೈ, ಹಾಕದ ವೈರನ್ನು ಹಾಕಿದ ಹಾಗೆ ಬರೆಯಲು ಅದಕ್ಕೇನು ಕಷ್ಟ? ಇನ್ನೂ ನಾಚಿಕೆಗೇಡಿನ ಮಾತೆಂದರೆ ಚೆನ್ನಾಗಿ ಬರೆದೆ. ಯುವತಿಯ ದಿಟ್ಟ ಮಾತು, ಯಜಮಾನನ ಹೃದಯ ಪರಿವರ್ತನೆ, ಎರಡೂ ಬಟನ್ನಿನ ಮೇಲೆ ಎರಡು ಸುರಕ್ಷಿತ ಕೈ. ಓದಿದ ಟೈಪಿಸ್ಟ್ ಕಣ್ಣೊರೆಸಿಕೊಂಡಳು. ಒಂದು ಗಂಟೆಯಲ್ಲಿ ಮುಗಿಸಿ, ಆಹಾ ಎಂದುಕೊಂಡು ಮನೆಗೆ ಹೋದೆ.

ಎರಡನೇ ದಿನ ಚೂಟಿ ಬರಲಿಲ್ಲ, ಯಜಮಾನ ಒಂದೇ ದಿನ ರಜೆ ಕೊಟ್ಟಿದ್ದ. ಕರಡು ವರದಿ ಗಣ್ಯರ ಕೈಗೂ ಎಲ್ಲ ಇಲಾಖೆಗಳಿಗೂ ಹೋಯಿತು. ಯಜಮಾನನಿಗೆ ಹೋಗಬೇಕಿದ್ದ ಪತ್ರ ಮಾತ್ರ ಹೋಗಲಿಲ್ಲ. ನಾನು ಎರಡು ಸಲ ನೆನಪಿಸಿದೆ. ಅದನ್ನು ಪಾಲುದಾರಿಕೆಯ ಚೌಕಟ್ಟಿನೊಳಗೆ ಬರೆಯಬೇಕು, ಯೋಚಿಸುತ್ತಿದ್ದೇನೆ ಎಂದರು. ಮೂರನೇ ಸಲ ನೆನಪಿಸಲು ನನಗೇ ಬೇಸರ ಬಂತು. ಚೀಟಿ ಏನಾಯಿತು ಎಂದು ಚೂಟಿ ಫೋನ್ ಮಾಡಿದಾಗಲೆಲ್ಲ, ನಡೀತಾ ಇದೆ, ನಡೀತಾ ಇದೆ ಎಂದು ಅವಳ ಮೂಗಿಗೆ ತುಪ್ಪ ಸವರಿದೆ.

ಆರು ವಾರ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವಳು ನನ್ನ ಮನೆಗೆ ಬಂದಳು. ಕಾಫಿ ಬೇಡ ಎಂದಳು. ಕೂತುಕೊಳ್ಳಲೂ ಇಲ್ಲ. ಅಡಿಗೆಮನೆಯ ಕಟ್ಟೆಯ ಮೇಲೆ ಎರಡು ಕಾಗದ ಇಟ್ಟಳು. ಒಂದು, ಅಂಚು ಕತ್ತರಿಸಿದ ನುಣುಪು ಹಾಳೆ, ನಮ್ಮ ಬಣ್ಣದ ಪುಸ್ತಕದ ಒಂಬತ್ತನೇ ಪುಟ. ಪುಸ್ತಕದ ಮುದ್ರಣ ಅವಳ ಪ್ರೆಸ್ಸಿಗೇ ಹೋಗಿದೆಯೆಂಬುದು ನನಗೆ ಗೊತ್ತಿರಲಿಲ್ಲ, ಅದು ಬೇರೆ ಟೇಬಲ್ಲಿನ ವಿಷಯ. ನಾನು ಬರೆದ ಯಶೋಗಾಥೆಯನ್ನು ಅವಳು ಅದೇ ಮೆಷಿನ್ನಿನಲ್ಲಿ, ಒಂದೇ ಬಟನ್ ಒತ್ತಿ, ಎಡಗೈಯಲ್ಲಿ ಕಟ್ಟನ್ನು ಸರಿಮಾಡುತ್ತ ಎರಡು ದಿನ ಕತ್ತರಿಸಿದ್ದಳು.

“ಚಿಕ್ಕಮ್ಮ, ನಮ್ಮ ಮೆಷಿನ್ನಿಗೆ ವೈರು ಯಾವಾಗ ಹಾಕಿದ್ರು?” ಎಂದು ಕೇಳಿದಳು.

ನಾನು ಒಂಬತ್ತನೇ ಪುಟವನ್ನು ಮಗುಚಿಟ್ಟೆ. ಅವಳು ಇನ್ನೊಂದು ಕಾಗದವನ್ನು ಮುಂದೆ ಸರಿಸಿದಳು. ನನ್ನ ಭರವಸೆಗೆ ಕಾದು ಕಾದು ಸಾಕಾಗಿ ಅವಳೂ ಇನ್ನೈದು ಟ್ರೈನಿಗಳೂ ಸೇರಿ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟಿದ್ದರಂತೆ. ಯಾವ ಸಂಸ್ಥೆಯ ಸಹಾಯವೂ ಇಲ್ಲದೆ, ತಾವೇ ಬರೆದು, ತಾವೇ ಬಸ್ಸು ಹತ್ತಿ ಹೋಗಿ. ಅದಕ್ಕೆ ಬಂದ ಉತ್ತರ ಇದು: ಸದರಿ ಯಂತ್ರದ ಲೋಪವನ್ನು ಈಗಾಗಲೇ ಸರಿಪಡಿಸಲಾಗಿದೆ ಎಂದು ‘ಯುವಜನರ ದನಿ’ ವರದಿಯ ಪುಟ ಒಂಬತ್ತರಿಂದ ತಿಳಿದುಬರುವುದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನಾನು ಎದುರು ಮಾತಾಡಿ ಪಾರಾಗುತ್ತಿದ್ದೆನೋ ಏನೋ. ಇಷ್ಟು ದಿನ ಯಜಮಾನನೊಬ್ಬನೇ ಅಡ್ಡ ಇದ್ದ, ಈಗ ನಿನ್ನ ಪುಸ್ತಕವೂ ಅಡ್ಡ ಬಂತು ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡಳು. ಅವಳ ಎಡಗೈಯನ್ನೇ ನೋಡುತ್ತ ಬಾಗಿಲಲ್ಲಿ ನಿಂತೆ. ಐದೂ ಬೆರಳು ಇದ್ದವು. ಚಿಕ್ಕವಳಿದ್ದಾಗ ಆ ಕೈ ಹಿಡಿದು ರಸ್ತೆ ದಾಟಿಸುತ್ತಿದ್ದವಳು ನಾನು.

ಸೋಮವಾರ ಕಚೇರಿ ತೆರೆಯುವ ಮೊದಲೇ ಹೋಗಿ ಚೌಕಟ್ಟಿನ ಎದುರು ಕೂತೆ. ತಿದ್ದುಪಡಿ ಪತ್ರ ಹೊರಡಿಸಬೇಕು, ಇಲಾಖೆಗೆ ನಿಜ ತಿಳಿಸಬೇಕು ಎಂದೆ. ಅವರು ಹರಳೆಣ್ಣೆ ಕುಡಿದವರ ಮುಖ ಮಾಡಿದರು. ಒಂದು ಪುಟ ಸುಳ್ಳೆಂದು ಒಪ್ಪಿಕೊಂಡರೆ ಉಳಿದ ಎಪ್ಪತ್ತೊಂದು ಪುಟವನ್ನು ಯಾರು ನಂಬುತ್ತಾರೆ ಎಂದು ಕೇಳಿದರು. ಆ ಮನುಷ್ಯ ಬುದ್ಧಿ ಉಪಯೋಗಿಸಿ ಕೇಳಿದ ಪ್ರಶ್ನೆ ಅದೊಂದೇ ಇರಬೇಕು. ಆಮೇಲೆ ಒಮ್ಮೆಲೇ ಹಿಗ್ಗಿ ಹೇಳಿದರು, ಒಂಬತ್ತನೇ ಪುಟವನ್ನು ಓದಿ ಮೆಚ್ಚಿದ ಹೊರಗಿನ ತಂಡವೊಂದು ಮುಂದಿನ ವಾರ ಆ ಮೆಷಿನ್ ನೋಡಲು ಬರುತ್ತಿದೆ, ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರನ್ನೂ ಕರೆದಿದ್ದೇವೆ. ಹಾಗಾದರೆ ಅಷ್ಟರೊಳಗೆ ವೈರು ಹಾಕಿಸಲೇಬೇಕಲ್ಲ ಎಂದೆ. ಅದಕ್ಕೇ ಯಜಮಾನನಿಗೆ ನನ್ನೆದುರೇ ಫೋನ್ ಮಾಡಿದರು. ಆಗುತ್ತೆ ಸರ್, ಖಂಡಿತ ಆಗುತ್ತೆ ಎಂದು ಆ ಕಡೆಯಿಂದ ಕೇಳಿಸಿತು. ನಾನು ನಂಬಿದೆ. ನಂಬುವುದು ಅನುಕೂಲವಾಗಿತ್ತು.

ತಂಡ ಬಂದ ದಿನ ಪ್ರೆಸ್ಸಿನ ನೆಲವನ್ನು ಸೀಮೆಎಣ್ಣೆ ಹಾಕಿ ಒರೆಸಿದ್ದರು. ಕಾಗದದ ಚೂರಿನ ತೊಟ್ಟಿ ಎಲ್ಲೋ ಮಾಯವಾಗಿತ್ತು. ಮೆಷಿನ್ನಿನ ಎಡಭಾಗದಲ್ಲಿ, ವೈರು ಬಿಚ್ಚಿದ ಬಟನ್ನಿನ ಜಾಗದಲ್ಲಿ, ಹೊಚ್ಚ ಹೊಸ ಕೆಂಪು ಬಟನ್ ಮಿರುಗುತ್ತಿತ್ತು. ಅದನ್ನು ನೋಡಿ ನನ್ನ ಎದೆಯ ಭಾರ ಇಳಿಯಿತು. ಎಂಟು ಜನ ಅತಿಥಿಗಳು ಅರ್ಧಚಂದ್ರಾಕಾರವಾಗಿ ನಿಂತರು. ಇನ್ಸ್‌ಪೆಕ್ಟರ್ ಹೆಂಗಸು, ಐವತ್ತರ ಆಸುಪಾಸಿನವರು, ಕಂಕುಳಲ್ಲಿ ಫೈಲು. ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಮೆಷಿನ್ನಿನ ಕಾಲು, ಪ್ಲಗ್ಗು, ಅರ್ಥಿಂಗ್ ತಂತಿ ನೋಡುತ್ತಿದ್ದರು. ನಾನು ಆ ದಿನ ಕಂಡ ಮೊದಲ ಒಳ್ಳೆಯ ಲಕ್ಷಣ ಅದು.

ಯಜಮಾನ ಹಲ್ಲು ಕಿರಿಯುತ್ತ ಯುವಶಕ್ತಿಯ ಬಗ್ಗೆ ಮಾತಾಡಿದ. ಯಾರೋ ಬರೆದುಕೊಟ್ಟದ್ದು, ಯಾರೋ ಅಂದರೆ ನಾನು. ಚೌಕಟ್ಟು ಪಾಲುದಾರಿಕೆಯ ಬಗ್ಗೆ ರಾಗ ಎಳೆದರು. ಆಮೇಲೆ ನಮ್ಮ ಉಲ್ಲನ್ ಉಂಡೆಯ ತರಬೇತುದಾರ, ಈಗ ಯುವದನಿಯನ್ನು ಕೇಳೋಣ ಎಂದು ಚೂಟಿಯನ್ನು ಮುಂದಕ್ಕೆ ಕರೆದ. ಏನು ಹೇಳಬೇಕೆಂದು ಅವಳಿಗೆ ಹಿಂದಿನ ದಿನವೇ ಹೇಳಿಕೊಟ್ಟಿದ್ದರು. ಉಳಿದ ಐದು ಟ್ರೈನಿಗಳು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು.

ಚೂಟಿ ಮಾತಾಡಲಿಲ್ಲ. ಒಂದು ಕಟ್ಟು ಬಿಳಿ ಹಾಳೆ ತೆಗೆದು, ಅಂಚು ಕುಟ್ಟಿ ಸಮ ಮಾಡಿ, ಒಳಗೆ ತಳ್ಳಿದಳು. ಮೊದಲು ಆ ಹೊಸ ಕೆಂಪು ಬಟನ್ ಒಂದನ್ನೇ ಒತ್ತಿದಳು. ಏನೂ ಆಗಲಿಲ್ಲ. ಅತಿಥಿಗಳು ತಲೆಯಾಡಿಸಿದರು, ಒಂದೇ ಕೈಗೆ ಮೆಷಿನ್ ಬಗ್ಗಲಿಲ್ಲವಲ್ಲ ಎಂದು. ಆಮೇಲೆ ಅವಳು ಎಡಗೈಯನ್ನು ತಲೆಯ ಮೇಲೆ, ಎಲ್ಲರಿಗೂ ಕಾಣುವಷ್ಟು ಎತ್ತರಕ್ಕೆ ಎತ್ತಿ ಹಿಡಿದು, ಬಲಗೈಯಲ್ಲಿ ಬಲಗಡೆಯ ಹಳೆಯ ಬಟನ್ ಒತ್ತಿದಳು. ಬ್ಲೇಡು ಇಳಿಯಿತು. ಐನೂರು ಹಾಳೆ ಎರಡು ಹೋಳಾಗಿ ಬಿದ್ದವು. ಎತ್ತಿದ ಕೈ ಹಾಗೇ ಇತ್ತು.

“ಇದಕ್ಕೆ ವೈರಿಲ್ಲ,” ಎಂದಳು ಕೆಂಪು ಬಟನ್ ತೋರಿಸಿ. “ನೀವು ಬರ್ತೀರಿ ಅಂತ ನಿನ್ನೆ ಅಂಟಿಸಿದ್ದು.”

ಅತಿಥಿಗಳಲ್ಲಿ ಒಬ್ಬರು ಚಪ್ಪಾಳೆಗೆಂದು ಎತ್ತಿದ್ದ ಕೈ ಇಳಿಸಿದರು. ಇನ್ಸ್‌ಪೆಕ್ಟರ್ ಮುಂದೆ ಬಂದು ಕೆಂಪು ಬಟನ್ನನ್ನು ಉಗುರಿನಿಂದ ಮೀಟಿದರು. ಅದು ಅಂಟಿನ ಸಮೇತ ಕೈಗೆ ಬಂತು. ಅವರು ಫೈಲಿನಿಂದ ಒಂಬತ್ತನೇ ಪುಟ ತೆಗೆದು, ಹಾಗಾದರೆ ಇದೇನು ಎಂದು ಕೇಳಿದರು. ಚೌಕಟ್ಟು ಚೂರೂ ತಡವರಿಸದೆ, ಮುದ್ರಣದ ದೋಷವಿರಬೇಕು ಎಂದುಬಿಟ್ಟರು. ಮುದ್ರಣ ಮಾಡಿದ ಹುಡುಗಿಯರ ಎದುರಿಗೇ. ಆಗ ನನ್ನ ತಾಳ್ಮೆ ಹರಿಯಿತು. ದೋಷವಲ್ಲ, ಬರೆದವಳು ನಾನು, ಆಗಿಲ್ಲವೆಂದು ಗೊತ್ತಿದ್ದೇ ಬರೆದೆ, ಬರೆಯಲು ಹೇಳಿದವರು ಇವರು ಎಂದೆ. ಹದಿನಾಲ್ಕು ವರ್ಷದಲ್ಲಿ, ನಡೆದದ್ದನ್ನು ನಡೆದ ಮೇಲೆ ನಾನು ಹೇಳಿದ ಮೊದಲ ಮಾತು ಅದು.

ಇನ್ಸ್‌ಪೆಕ್ಟರ್ ಅಲ್ಲೇ ಮೆಷಿನ್ನಿಗೆ ದಾರ ಸುತ್ತಿ ಅರಗಿನ ಸೀಲು ಒತ್ತಿದರು. ಅತಿಥಿಗಳು ಗಡಿಯಾರ ನೋಡಿಕೊಂಡು ವ್ಯಾನು ಹತ್ತಿದರು. ಯಜಮಾನ ಆರೂ ಟ್ರೈನಿಗಳನ್ನು ಕರೆದು, ಮೆಷಿನ್ ನಿಂತ ಮೇಲೆ ನಿಮಗೇನು ಕೆಲಸ, ಮನೆಗೆ ಹೋಗಿ ಎಂದ. ಅಕ್ಕ ಆ ರಾತ್ರಿಯಿಂದ ನನ್ನ ಫೋನ್ ತೆಗೆಯಲಿಲ್ಲ.

ಮೂರು ವಾರ ಮೆಷಿನ್ ನಿಂತಿತು. ಆರ್ಡರುಗಳು ಬಾಕಿ ಬಿದ್ದು ಯಜಮಾನ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದ. ಕೊನೆಗೆ ಎಲೆಕ್ಟ್ರಿಷಿಯನ್ ಬಂದ, ಸ್ಕ್ರೂಡ್ರೈವರ್ ತೆಗೆದ, ವೈರು ಸೇರಿಸಿದ. ಇನ್ಸ್‌ಪೆಕ್ಟರ್ ತಾವೇ ಬಂದು ಎಡಗಡೆಯ ಒಂದನ್ನೇ, ಬಲಗಡೆಯ ಒಂದನ್ನೇ, ಆಮೇಲೆ ಎರಡನ್ನೂ ಹತ್ತು ಹತ್ತು ಸಲ ಒತ್ತಿ ನೋಡಿ ಸೀಲು ಒಡೆದರು. ಯಜಮಾನ ಐದು ಹುಡುಗಿಯರನ್ನು ವಾಪಸ್ಸು ಕರೆದ. ಚೂಟಿಯನ್ನು ಕರೆಯಲಿಲ್ಲ.

ಕೆಲಸ ಹೋಗುತ್ತದೆಂದು ನಾನು ಮೇಜಿನ ಖಾನೆ ಖಾಲಿ ಮಾಡಿಟ್ಟುಕೊಂಡಿದ್ದೆ. ಹೋಗಲಿಲ್ಲ. ಸೋಮವಾರದ ಸಭೆಯಲ್ಲಿ ಚೌಕಟ್ಟು ಇನ್ಸ್‌ಪೆಕ್ಟರ್ ಕಳಿಸಿದ ಪತ್ರವನ್ನು ಎಲ್ಲರಿಗೂ ಓದಿ ಹೇಳಿದರು, ಯಂತ್ರದ ಎರಡೂ ಬಟನ್ ಸರಿಯಾಗಿ ಕೆಲಸ ಮಾಡುತ್ತಿವೆ. ಓದಿ, ನಮ್ಮ ಪುಟದಲ್ಲಿ ಸುಳ್ಳೆಲ್ಲಿದೆ, ಸ್ವಲ್ಪ ಮುಂಚೆ ಬರೆದೆವು ಅಷ್ಟೇ ಎಂದು ನನ್ನ ಕಡೆ ಮೆಚ್ಚುಗೆಯಿಂದ ನೋಡಿದರು. ನನ್ನನ್ನು ಬೈದು ಹೊರಗೆ ಹಾಕಿದ್ದರೆ ನಾನು ಅವರನ್ನು ಕ್ಷಮಿಸುತ್ತಿದ್ದೆ. ಟೈಪಿಸ್ಟ್ ಚಪ್ಪಾಳೆ ತಟ್ಟಿದಳು, ಉಳಿದವರೂ ತಟ್ಟಿದರು. ಆ ಹುಡುಗಿಯನ್ನು ಬಿಡಬಾರದು, ನಮ್ಮ ಯುವ ರಾಯಭಾರಿ ಮಾಡಿಕೊಳ್ಳೋಣ ಎಂದು ಚೌಕಟ್ಟು ಒಂದು ಪತ್ರಕ್ಕೆ ಸಹಿ ಹಾಕಿ, ನೀವೇ ತಲುಪಿಸಿ, ನಿಮ್ಮ ಮನೆಯ ಹುಡುಗಿಯಲ್ಲವೇ ಎಂದು ನನ್ನ ಕೈಗೆ ಕೊಟ್ಟರು.

ಆ ಕಾಗದವನ್ನು ಹರಿದು ಎಸೆಯಬೇಕಿತ್ತು. ಆದರೆ ಕೆಲಸವಿಲ್ಲದೆ ಕೂತವಳಿಗೆ ಏನೋ ಒಂದಾದರೂ ಆಗಲಿ ಎಂಬ ಆಸೆ ನನಗೆ. ಬರಿಗೈಯಲ್ಲಿ ಅಕ್ಕನ ಮನೆಯ ಬಾಗಿಲು ತಟ್ಟುವ ಧೈರ್ಯವೂ ಇರಲಿಲ್ಲ.

ಅಕ್ಕ ಬಾಗಿಲು ತೆಗೆದಳು, ಮುಖ ಕೊಟ್ಟು ಮಾತಾಡದೆ ಡ್ಯೂಟಿಯ ಸೀರೆ ಉಟ್ಟುಕೊಳ್ಳಲು ಒಳಗೆ ಹೋದಳು. ಚೂಟಿ ನೆಲದ ಮೇಲೆ ಕೂತು, ಹೊಲಿಗೆ ಬಿಚ್ಚಿಕೊಂಡ ಪಕ್ಕದ ಮನೆ ಮಕ್ಕಳ ಪಠ್ಯಪುಸ್ತಕಗಳನ್ನು ಮತ್ತೆ ಹೊಲಿಯುತ್ತಿದ್ದಳು. ಮೆಷಿನ್ನಿಗೆ ಈಗ ಎರಡೂ ಕೈ ಬೇಕಂತೆ ಎಂದು ಅವಳೇ ಮಾತು ತೆಗೆದಳು. ಐವರಲ್ಲಿ ಒಬ್ಬಳು ಬಂದು ಹೇಳಿದ್ದಳಂತೆ. ಅದನ್ನು ಹೇಳುವಾಗ ಅವಳ ಮುಖದಲ್ಲಿದ್ದದ್ದು ಸಂತೋಷವೇ. ಪತ್ರ ಕೊಟ್ಟೆ. ಅವಳು ಕೈಯ ಅಂಟು ಒರೆಸಿಕೊಂಡು ನಿಧಾನವಾಗಿ ಓದಿದಳು. ಸಂಬಳ ಇದೆಯಾ ಎಂದು ಕೇಳಿದಳು. ಇಲ್ಲ, ಪ್ರಮಾಣಪತ್ರ ಕೊಡುತ್ತಾರೆ ಎಂದೆ. ಕೆಲಸ ಏನು ಎಂದಳು. ಸಭೆಗಳಲ್ಲಿ ಮಾತಾಡುವುದು ಎಂದೆ.

“ಏನು ಮಾತಾಡ್ಬೇಕು ಅಂತ ಅವರೇ ಬರೆದು ಕೊಡ್ತಾರಾ?”

“ಹೂಂ.”

“ಯಾರು ಬರೆಯೋದು, ಚಿಕ್ಕಮ್ಮ?”

“ನಾನೇ,” ಎಂದೆ.

ಅವಳು ಪತ್ರವನ್ನು ಇದ್ದ ಮಡಿಕೆಯಲ್ಲೇ ಮಡಿಸಿ ನನ್ನ ಕೈಯಲ್ಲಿಟ್ಟು, ಸೂಜಿಗೆ ದಾರ ಪೋಣಿಸತೊಡಗಿದಳು.